ಮರದ ಬೊಡ್ಡೆ ಕೀಳಿಸಲು ಯಾವ ಮೆಷಿನ್ ತರಬೇಕು?

ಮರ ಕಡಿಯುವುದು ಅರ್ಧ ದಿನದ ಕೆಲಸ. ಕಷ್ಟ ಕೊಡುವುದು ಆಮೇಲೆ ಉಳಿಯುವ ಬೊಡ್ಡೆ. ಮನೆ ಕಟ್ಟಲು ಜಾಗ ಸಮ ಮಾಡುವವರು, ಹಳೆ ತೆಂಗು ತೆಗೆದು ಹೊಸ ಸಸಿ ಇಡುವವರು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವವರು ಎಲ್ಲರೂ ಮೊದಲು ಮಾಡುವುದು ಪರಿಚಯದ ಜೆಸಿಬಿಯವರಿಗೆ ಫೋನ್. ಗಾಡಿ ಬಂದು ಗೇಟಿನ ಎದುರು ನಿಂತ ಮೇಲೆ ಅದು ಒಳಗೆ ಹೋಗುವುದಿಲ್ಲ ಎಂದು ಗೊತ್ತಾಗುತ್ತದೆ. ಒಳಗೆ ಹೋದರೂ ಬಾವಿಕಟ್ಟೆ ಅಡ್ಡ. ಬಂದು ಹೋದ ಬಾಡಿಗೆಯಂತೂ ಕೊಡಲೇಬೇಕು ಅಲ್ವಾ?

ಬೊಡ್ಡೆಯ ದಪ್ಪ ನೋಡಿ ಮೆಷಿನ್ ಆರಿಸಿದರೆ ಹೀಗಾಗುತ್ತದೆ. ಮೊದಲು ಬೇರು ನೋಡಿ, ಮಣ್ಣು ನೋಡಿ, ದಾರಿ ಅಳೆಯಿರಿ. ಮೆಷಿನ್ ಯಾವುದು ಎಂಬುದು ಅಷ್ಟರಲ್ಲೇ ತೀರ್ಮಾನ ಆಗಿರುತ್ತದೆ.

ಕಡಿಯುವವರಿಗೆ ಮೊದಲೇ ಹೇಳಿಡಿ

ಮರ ಇನ್ನೂ ನಿಂತಿದ್ದರೆ ನಿಮ್ಮ ಅದೃಷ್ಟ. ಬುಡ ನೆಲಮಟ್ಟಕ್ಕೆ ಕತ್ತರಿಸಬೇಡಿ, ನಾಲ್ಕೈದು ಅಡಿ ಬಿಡಿ ಎಂದು ಮರ ಕಡಿಯುವವರಿಗೆ ಹೇಳಿ. ಆ ನಾಲ್ಕೈದು ಅಡಿಯೇ ಮೆಷಿನ್ನಿಗೆ ಸಿಗುವ ಹಿಡಿ. ಮೇಲಿನಿಂದ ದೂಡಿದರೆ ಬುಡ ಮಗುಚುತ್ತದೆ, ಅಡಿಯ ಬೇರು ತಾನಾಗಿ ಕಿತ್ತು ಬರುತ್ತದೆ. ನೆಲಮಟ್ಟಕ್ಕೆ ಕೊಯ್ದ ಬೊಡ್ಡೆಗೆ ಹಿಡಿಯಲು ಏನೂ ಇಲ್ಲ. ಸುತ್ತಲೂ ಆಳಕ್ಕೆ ಅಗೆದು ಎತ್ತಬೇಕು. ಗಂಟೆ ಲೆಕ್ಕದ ಬಾಡಿಗೆಯಲ್ಲಿ ಇದೇ ದೊಡ್ಡ ವ್ಯತ್ಯಾಸ.

ಮರ ಕಡಿಯುವ ಮೊದಲು ಅನುಮತಿಯ ವಿಷಯವೂ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ಗಾಳಿಮರ, ನೀಲಗಿರಿ, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಶ್ರೀಗಂಧ ಅಥವಾ ಬೀಟೆಯಾದರೆ ಬರೀ ಬುಡ ಉಳಿದಿದ್ದರೂ ಇಲಾಖೆಯವರನ್ನು ಕೇಳದೆ ಕೈ ಹಚ್ಚಬೇಡಿ.

ಯಾವ ಮರದ ಬೇರು?

ತೆಂಗಿಗೆ ತಾಯಿಬೇರು ಇಲ್ಲ. ಬೆರಳು ದಪ್ಪದ ಸಾವಿರಾರು ಬೇರುಗಳು ಬುಡದ ಸುತ್ತ ಹರಡಿರುತ್ತವೆ, ಹೆಚ್ಚಿನವು ಎರಡು ಮೀಟರ್ ಒಳಗೇ. ಸುತ್ತ ಬಿಡಿಸಿದರೆ ಇಡೀ ಬುಡ ಉಂಡೆಯ ಹಾಗೆ ಎದ್ದು ಬರುತ್ತದೆ. ಅಡಿಕೆಯದ್ದೂ ಇದೇ ಜಾತಿಯ ಬೇರು, ಆದರೆ ಸಣ್ಣದು. ನಾಲ್ಕಾರು ಅಡಿಕೆ ಬುಡಕ್ಕೆ ಮೆಷಿನ್ ತರಿಸುವುದು ಸುಮ್ನೆ ದಂಡ. ಇಬ್ಬರು ಆಳು, ಪಿಕ್ಕಾಸು, ಹಾರೆ, ಕೊಡಲಿ ಸಾಕು.

ಮಾವು, ಹಲಸು, ಹುಣಸೆಯ ಲೆಕ್ಕ ಬೇರೆ. ಇವುಗಳಲ್ಲಿ ತೊಡೆ ದಪ್ಪದ ಪಕ್ಕದ ಬೇರುಗಳು ಹತ್ತಿಪ್ಪತ್ತು ಅಡಿ ದೂರ ಹೋಗಿರುತ್ತವೆ. ಅವು ಎತ್ತ ಹೋಗಿವೆ ಎಂದು ಮೊದಲೇ ನೋಡಿಕೊಳ್ಳಬೇಕು. ಬುಡದಿಂದ ಮೂರು ಅಡಿ ದೂರದಲ್ಲಿ ಸುತ್ತ ಒಂದು ಗೇಣು ಮಣ್ಣು ಕೆರೆದರೆ ದೊಡ್ಡ ಬೇರುಗಳ ಬೆನ್ನು ಕಾಣಿಸುತ್ತದೆ. ಕಂಡ ಕಡೆ ಸುಣ್ಣದ ಗೆರೆ ಎಳೆದಿಡಿ. ಒಂದು ಗೆರೆ ಕಂಪೌಂಡ್ ಗೋಡೆಯ ಅಡಿಗೆ, ಇನ್ನೊಂದು ಸೆಪ್ಟಿಕ್ ಟ್ಯಾಂಕ್ ಕಡೆಗೆ ಹೋಗುತ್ತಿದ್ದರೆ ಆ ಬೇರುಗಳನ್ನು ಎಳೆಯಬಾರದು. ಗೋಡೆಯ ಈಚೆಗೇ ಗರಗಸದಿಂದ ಕೊಯ್ದು ಬಿಡಿಸಿಕೊಂಡ ಮೇಲೆ ಬೊಡ್ಡೆಗೆ ಕೈ ಹಾಕಬೇಕು. ಇಲ್ಲದಿದ್ದರೆ ಬುಡ ಮಗುಚುವಾಗ ಬೇರು ಮೇಲೇಳುತ್ತದೆ, ಅದರ ಜೊತೆಗೆ ಕೆಂಪುಕಲ್ಲಿನ ಗೋಡೆಯೂ ಏಳುತ್ತದೆ.

ಸಾಗುವಾನಿ, ನೀಲಗಿರಿ ಕಡಿದ ಬುಡದಿಂದ ಮತ್ತೆ ಚಿಗುರುತ್ತವೆ. ಅವನ್ನು ಅರ್ಧಂಬರ್ಧ ಬಿಡಬೇಡಿ.

ಮಣ್ಣು ಎಂಥದ್ದು?

ಮಲ್ಪೆ, ಕಾಪು, ಉಳ್ಳಾಲದ ಕಡಲಬದಿಯ ಹೊಯಿಗೆ (ಮರಳು) ಮಣ್ಣಿನಲ್ಲಿ ಬೊಡ್ಡೆ ಬೇಗ ಬಿಡುತ್ತದೆ. ಆದರೆ ಅಗೆದ ಗುಂಡಿಯ ಬದಿ ಕುಸಿಯುತ್ತಲೇ ಇರುತ್ತದೆ. ಹತ್ತಿರ ರಿಂಗ್ ಬಾವಿ ಇದ್ದರೆ ರಿಂಗ್ ಜರುಗುವ ಭಯ ಇದೆ, ಅಲ್ಲಿ ದೊಡ್ಡ ಗಾಡಿ ಬೇಡವೇ ಬೇಡ. ಬೈಲಿನ ಗದ್ದೆ ಮಣ್ಣಿನಲ್ಲಿ ಟಯರ್ ಹೂತುಹೋಗುತ್ತದೆ. ಅಲ್ಲಿಗೆ ಟಯರ್ ಬದಲು ಚೈನ್ ಮೇಲೆ ಓಡುವ ಗಾಡಿಯೇ ಸರಿ.

ಮಣಿಪಾಲ, ಬಜ್ಪೆ, ಕೊಣಾಜೆಯಂಥ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಗಳಲ್ಲಿ ಕೆಲಸ ನಿಧಾನ. ಮೇಲೆ ಒಂದೆರಡು ಅಡಿ ಮಣ್ಣು, ಅಡಿಯಲ್ಲಿ ಕಲ್ಲು. ಬೇರು ಕಲ್ಲಿನ ಬಿರುಕು ಹುಡುಕಿಕೊಂಡು ಒಳಗೆ ಇಳಿದು, ಅಲ್ಲೇ ದಪ್ಪ ಆಗಿರುತ್ತದೆ. ಬಕೆಟಿನ ಹಲ್ಲು ಕಲ್ಲಿಗೆ ತಾಗಿ ಕರ್ರ್ ಎನ್ನುತ್ತದೆ, ಬೇರು ಅಲುಗುವುದಿಲ್ಲ. ಇಂಥ ಜಾಗಕ್ಕೆ ಕಲ್ಲು ಒಡೆಯುವ ಬ್ರೇಕರ್ ಹಾಕಬಲ್ಲ ಮೆಷಿನ್ ಬೇಕು. ಬ್ರೇಕರಿಗೆ ಬಾಡಿಗೆ ಬೇರೆ ಇರುತ್ತದೆ, ಮೊದಲೇ ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಸುದ್ದಿಗೇ ಹೋಗಬೇಡಿ. ದೀಪಾವಳಿ ಕಳೆದು ಮಣ್ಣು ಇನ್ನೂ ಮೆತ್ತಗೆ ಇರುವ ನವೆಂಬರ್, ಡಿಸೆಂಬರ್ ಒಳ್ಳೆಯ ಸಮಯ. ಏಪ್ರಿಲ್ ಹೊತ್ತಿಗೆ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಅದೇ ಕೆಲಸಕ್ಕೆ ಜಾಸ್ತಿ ಗಂಟೆ ತಿನ್ನುತ್ತದೆ.

ಟೇಪ್ ಹಿಡಿದು ದಾರಿ ಅಳೆಯಿರಿ

ಸಾಮಾನ್ಯ ಜೆಸಿಬಿಯ ಅಗಲ ಸುಮಾರು ಏಳೂವರೆ ಅಡಿ, ತೂಕ ಎಂಟು ಟನ್ ಹತ್ತಿರ. ಗೇಟು ಒಂಬತ್ತು ಅಡಿಯಾದರೂ ಇರಬೇಕು. ತಿರುವಿನಲ್ಲಿ ಇನ್ನೂ ಜಾಗ ಬೇಕು. ಗೇಟಿನ ಎದುರಿನ ಚರಂಡಿ ಚಪ್ಪಡಿ ಎಂಟು ಟನ್ ತಡೆಯುತ್ತದೆಯೇ? ಇದನ್ನು ನೋಡದೆ ಗಾಡಿ ತರಿಸಬಾರದು. ತಲೆಯ ಮೇಲೆಯೂ ನೋಡಿ. ಮನೆಗೆ ಬರುವ ಕರೆಂಟ್ ವೈರ್ ಕೆಳಗೆ ಜೋತಿದ್ದರೆ ಮೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿ. ಸಹಾಯವಾಣಿ 1912. ನೀರಿನ ಪೈಪು, ಪಂಪಿನ ಕೇಬಲ್, ಗ್ಯಾಸ್ ಪೈಪ್‌ಲೈನ್ ಎಲ್ಲಿ ಹೋಗಿದೆ ಎಂದು ಗುರುತು ಹಾಕಿಡಿ.

ಈಗ ಮೆಷಿನ್

ದಾರಿ ಅಗಲ ಇದ್ದು, ಬಾವಿ, ಗೋಡೆ ದೂರ ಇದ್ದರೆ ಜೆಸಿಬಿ ಒಳ್ಳೆಯದು. ರಸ್ತೆಯಲ್ಲಿ ತಾನೇ ಓಡಿಕೊಂಡು ಬರುತ್ತದೆ, ಮುಂದಿನ ಬಕೆಟಿನಲ್ಲೇ ಗುಂಡಿ ಮುಚ್ಚಿ ಹೋಗುತ್ತದೆ. ತೆಂಗು, ಗಾಳಿಮರ, ಮಧ್ಯಮ ಗಾತ್ರದ ಮಾವಿಗೆ ಇದು ಸಾಕು.

ಇಡೀ ತೋಟ ತೆಗೆಯುವುದಾದರೆ, ಅಥವಾ ನೂರು ವರ್ಷದ ಹಲಸು, ಗೋಳಿಮರ ಆದರೆ ಚೈನ್ ಮೇಲೆ ಓಡುವ ದೊಡ್ಡ ಹಿಟಾಚಿ ತರಿಸಿ. ಇದರ ತೂಕ ಇಪ್ಪತ್ತು ಟನ್ ಆಸುಪಾಸು. ಇದನ್ನು ಟ್ರೇಲರ್‌ನಲ್ಲಿ ಹೇರಿಕೊಂಡು ಬರಬೇಕು. ಆ ಸಾಗಾಟದ ಖರ್ಚು ಒಂದು ಬೊಡ್ಡೆಗೆ ಗಿಟ್ಟುವುದಿಲ್ಲ. ಪಕ್ಕದ ಮನೆಯವರಿಗೂ ಕೆಲಸ ಇದ್ದರೆ ಸೇರಿ ತರಿಸಿ.

ಪೇಟೆಯ ಒಳಗಿನ ಮನೆಗಳಿಗೆ ನಾನು ಹೇಳುವುದು ಮೂರು ಟನ್ನಿನ ಮಿನಿ ಹಿಟಾಚಿ. ಅಗಲ ಐದು ಅಡಿ ಚಿಲ್ಲರೆ. ಮನೆಯ ಬದಿಯ ಓಣಿಯಲ್ಲಿ ನುಸುಳುತ್ತದೆ, ರಬ್ಬರ್ ಪಟ್ಟಿಯದ್ದಾದರೆ ಅಂಗಳವೂ ಹಾಳಾಗುವುದಿಲ್ಲ. ಬಲ ಕಡಿಮೆ, ಒಂದೇ ಏಟಿಗೆ ಕೀಳುವುದಿಲ್ಲ. ಅದು ಅಗೆದು ಬೇರು ಬಿಡಿಸುತ್ತದೆ, ಚೈನ್ ಸಾ ಹಿಡಿದವರು ಕೊಯ್ಯುತ್ತಾರೆ. ಹೀಗೆ ಜೊತೆಯಾಗಿ ಮಾಡಿದರೆ ದೊಡ್ಡ ಬೊಡ್ಡೆಯೂ ತುಂಡುತುಂಡಾಗಿ ಬರುತ್ತದೆ. ಮಣ್ಣು ಮೆತ್ತಿದ ಬೇರಿಗೆ ಚೈನ್ ಸಾ ಇಟ್ಟರೆ ಹಲ್ಲು ತಕ್ಷಣ ಮೊಂಡಾಗುತ್ತದೆ. ನೀರು ಹಾಕಿ ತೊಳೆದು ಕೊಯ್ಯಲು ಹೇಳಿ.

ಬೊಡ್ಡೆ ಅರೆಯುವ ಸ್ಟಂಪ್ ಗ್ರೈಂಡರ್ ಎಂಬ ಮೆಷಿನ್ ಕೂಡ ಇದೆ. ಹಲ್ಲಿರುವ ಚಕ್ರ ತಿರುಗಿ ಬೊಡ್ಡೆಯನ್ನು ನೆಲದಿಂದ ಅರ್ಧ ಅಥವಾ ಒಂದು ಅಡಿ ಕೆಳಗಿನವರೆಗೆ ಹುಡಿ ಮಾಡುತ್ತದೆ. ಸುತ್ತ ಅಗೆಯಬೇಕಿಲ್ಲ. ಬಾಡಿಗೆಗೆ ಸಿಕ್ಕಿದರೆ ಮನೆಗೆ ತಾಗಿದ ಬೊಡ್ಡೆಗೆ ಒಳ್ಳೆಯದು. ಕಲ್ಲು ಸಿಕ್ಕಿಕೊಂಡ ಬುಡಕ್ಕೆ ಬೇಡ, ಹಲ್ಲು ಮುರಿಯುತ್ತದೆ. ಅಡಿಯ ಬೇರು ಅಲ್ಲೇ ಉಳಿಯುವುದರಿಂದ ಮನೆಯ ಪಂಚಾಂಗ (ತಳಪಾಯ) ಹಾಕುವ ಜಾಗಕ್ಕೂ ಇದು ಆಗುವುದಿಲ್ಲ.

ಟ್ರ್ಯಾಕ್ಟರಿಗೆ ಸಂಕಲೆ ಕಟ್ಟಿ ಎಳೆಯುವುದು ಮಾತ್ರ ಖಂಡಿತ ಬೇಡ. ಟ್ರ್ಯಾಕ್ಟರ್ ಸುಲಭವಾಗಿ ಸಿಗುತ್ತದೆ ನಿಜ, ಹೋಬಳಿಯ ಕೃಷಿ ಯಂತ್ರಧಾರೆಯಲ್ಲೇ ಬಾಡಿಗೆಗೆ ಇರುತ್ತದೆ. ಆದರೆ ಬೊಡ್ಡೆ ಅಲುಗದೆ ನಿಂತಾಗ ಹಿಂದಿನ ಚಕ್ರ ತಿರುಗಲಾಗದೆ ಮುಂಭಾಗ ಮೇಲೆದ್ದು, ಟ್ರ್ಯಾಕ್ಟರ್ ಹಿಂದಕ್ಕೆ ಓಡಿಸುವವನ ಮೇಲೇ ಮಗುಚುತ್ತದೆ. ಹಾರಿ ಇಳಿಯಲೂ ಪುರುಸೊತ್ತು ಸಿಗುವುದಿಲ್ಲ. ಗುಂಡಿ ತೋಡುವ ಆಗರ್ ಮೆಷಿನ್ ಕೂಡ ಇದಕ್ಕಲ್ಲ. ಬೇರಿಗೆ ಸಿಕ್ಕಿದ ಕೂಡಲೇ ಕೈ ತಿರುಚುತ್ತದೆ.

ಆಸಿಡ್, ಸೀಮೆಎಣ್ಣೆ ಹೊಯ್ದು ಬೊಡ್ಡೆ ಸಾಯಿಸುವ ಸಲಹೆ ಕೊಡುವವರೂ ಇದ್ದಾರೆ. ಮುರಕಲ್ಲಿನಲ್ಲಿ ನೀರು ಬೇಗ ಇಳಿಯುತ್ತದೆ. ಹೊಯ್ದದ್ದು ನಿಮ್ಮ ಬಾವಿಗೋ ನೆರೆಮನೆಯ ಬಾವಿಗೋ ಹೋಗಿ ಸೇರುತ್ತದೆ. ದಯವಿಟ್ಟು ಮಾಡಬೇಡಿ.

ಬಾಡಿಗೆ ಮಾತಾಡುವಾಗ

ಬೊಡ್ಡೆಯ ಫೋಟೊ, ಗೇಟಿನ ಫೋಟೊ, ಬಾವಿಯಿಂದ ಬೊಡ್ಡೆಗಿರುವ ದೂರ ಇಷ್ಟನ್ನು ವಾಟ್ಸ್ಆ್ಯಪ್ ಮಾಡಿ ಎರಡು ಮೂರು ಕಡೆ ಕೇಳಿ. ಗಂಟೆಗೆ ಎಷ್ಟು ಎಂದು ಕೇಳಿದರೆ ಸಾಲದು. ಕಡಿಮೆ ಎಂದರೆ ಎಷ್ಟು ಗಂಟೆಯ ಬಾಡಿಗೆ? ಗಂಟೆ ಶುರುವಾಗುವುದು ಗಾಡಿ ಹೊರಟಲ್ಲಿಂದಲೋ ಕೆಲಸದ ಜಾಗದಿಂದಲೋ? ಡೀಸೆಲ್, ಆಪರೇಟರ್ ಬಾಟಾ ಸೇರಿದೆಯೇ? ಕೆಲಸ ಶುರುವಾಗುವಾಗ ಗಾಡಿಯ ಅವರ್ ಮೀಟರಿನ ಫೋಟೊ ಒಂದು, ಮುಗಿದಾಗ ಇನ್ನೊಂದು ತೆಗೆದಿಟ್ಟುಕೊಂಡರೆ ಕೊನೆಯಲ್ಲಿ ಮಾತಿಗೆ ಮಾತು ಬೆಳೆಯುವುದಿಲ್ಲ. ಗೋಡೆ, ಪೈಪು ಮುರಿದರೆ ಯಾರು ಸರಿ ಮಾಡಿಸುವುದು, ಗಾಡಿಗೆ ಇನ್ಶೂರೆನ್ಸ್ ಇದೆಯೇ ಎಂಬುದೂ ಮೊದಲೇ ಗೊತ್ತಿರಲಿ.

ಎಲ್ಲಕ್ಕಿಂತ ಮುಖ್ಯ ಆಪರೇಟರ್. ಬೊಡ್ಡೆ ತೆಗೆದು ಅಭ್ಯಾಸ ಇದ್ದವನು ಬಂದ ಕೂಡಲೇ ಬಕೆಟ್ ಹಾಕುವುದಿಲ್ಲ. ಇಳಿದು ಒಂದು ಸುತ್ತು ನೋಡುತ್ತಾನೆ. ಮೂರು ಬದಿ ಅಗೆದು ಬೇರು ಕಡಿದು, ನಾಲ್ಕನೇ ಬದಿಗೆ ಮಗುಚುತ್ತಾನೆ. ಅಂಥವನಿಗೆ ಗಂಟೆಗೆ ನೂರಿನ್ನೂರು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಕೆಲಸದ ದಿನ

ಮಕ್ಕಳು, ನಾಯಿ ಒಳಗಿರಲಿ. ರೋಪ್ ಕಟ್ಟಿ ಎಳೆಯುವಾಗ ರೋಪಿನ ಉದ್ದದ ಎರಡರಷ್ಟು ದೂರದ ಒಳಗೆ ಯಾರೂ ನಿಲ್ಲಬಾರದು. ತುಂಡಾದ ಸ್ಟೀಲ್ ರೋಪ್ ಬೀಸಿ ಬರುವ ವೇಗಕ್ಕೆ ಕಾಲು ಮುರಿಯುತ್ತದೆ. ಬೊಡ್ಡೆ ಮಗುಚಿದ ಮೇಲೆ ಬಕೆಟಿನಿಂದ ಕುಟ್ಟಿಸಿ ಬೇರಿನ ಮಣ್ಣು ಗುಂಡಿಗೇ ಉದುರಿಸಿ. ಇಲ್ಲದಿದ್ದರೆ ಟಿಪ್ಪರಿನಲ್ಲಿ ಅರ್ಧ ಲೋಡು ನಿಮ್ಮದೇ ಮಣ್ಣು ಹೋಗುತ್ತದೆ.

ಮಾವು, ಹಲಸಿನ ಬೊಡ್ಡೆ ಒಣಗಿಸಿ ಒಡೆದರೆ ಬಚ್ಚಲ ಒಲೆಗೆ ಒಳ್ಳೆಯ ಕಟ್ಟಿಗೆ. ತೆಂಗಿನ ಬುಡವನ್ನು ತೋಟದ ಮೂಲೆಯಲ್ಲಿ ಕೊಳೆಯಲು ಬಿಡಬೇಡಿ. ಕುರುವಾಯಿ ಹುಳ ಅದರಲ್ಲೇ ಮೊಟ್ಟೆಯಿಟ್ಟು, ಬೆಳೆದು, ಉಳಿದ ತೆಂಗಿನ ಸುಳಿಗೆ ಹೋಗುತ್ತದೆ. ಅಣಬೆ ರೋಗದಿಂದ ಸತ್ತ ತೆಂಗು, ಅಡಿಕೆಯಾದರೆ ಬುಡದ ಜೊತೆ ಬೇರನ್ನೂ ಹೆಕ್ಕಿ ಸುಡಬೇಕು.

ಗುಂಡಿಯನ್ನು ಒಮ್ಮೆಗೇ ತುಂಬಿಸಬೇಡಿ. ಬೇರಿನ ತುಂಡು ಹೆಕ್ಕಿ ತೆಗೆದು, ಅರ್ಧರ್ಧ ಅಡಿ ಮಣ್ಣು ಹಾಕಿ, ನೀರು ಬಿಟ್ಟು, ದಮ್ಮಸು ಮಾಡುತ್ತಾ ಬನ್ನಿ. ಮೇಲೆ ಅರ್ಧ ಅಡಿ ಗುಪ್ಪೆ ಬಿಡಿ. ಮನೆಯ ಪಂಚಾಂಗ ಅಲ್ಲೇ ಬರುವುದಾದರೆ ತುಂಬಿದ ಮಣ್ಣನ್ನು ನಂಬದೆ ಗಟ್ಟಿ ನೆಲದವರೆಗೆ ಇಳಿಸಲು ಎಂಜಿನಿಯರಿಗೆ ಹೇಳಿ. ಬರೀ ಇಂಟರ್‌ಲಾಕ್ ಆದರೆ ಒಂದು ಮಳೆಗಾಲ ಕಳೆಯಲಿ. ಮಣ್ಣು ಎಷ್ಟು ಕೂರಬೇಕೋ ಅಷ್ಟು ಕೂತ ಮೇಲೆ ಹಾಕಿಸಿ.