ಕರೆಯುವ ಮೊದಲೇ ಹೋಗಿ ನಿಂತೆ

"ಅವ್ವಾ, ಬಾಗ್ಲಾ ಹಾಕೀಯೇನು?"

ಲೈಟ್ ಆರಿಸಿದ ಕೂಡಲೇ ಮಗಳು ಕೇಳುತ್ತಿದ್ದ ಮೊದಲ ಪ್ರಶ್ನೆ. ಹಾಕೇನಿ ಅಂದರೆ, ಗ್ಯಾಸ್ ಬಂದ್ ಮಾಡೀಯೇನು? ಆಮೇಲೆ, ನೀ ಎಲ್ಲೂ ಹೋಗೂದಿಲ್ಲ ಹೌದಿಲ್ಲೋ? ನಾನು ಉತ್ತರ ಕೊಟ್ಟಷ್ಟೂ ಪ್ರಶ್ನೆ ಜಾಸ್ತಿಯಾಗುತ್ತಿದ್ದವು. ಹುಬ್ಬಳ್ಳಿಯಲ್ಲಿ ನಾವು ಮನೆ ಬದಲಿಸಿದ ವರ್ಷ ಅದು. ಅವಳಿಗೆ ಆರು ವರ್ಷ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಇವಳಿಗೆ ಕಣ್ಣು ಹತ್ತುವಾಗಲೇ 10:30, ಬೆಳಿಗ್ಗೆ 6:30ಕ್ಕೆ ಎಬ್ಬಿಸಿದರೆ ಅಳು.

ಬೇಗ ಮಲಗಿಸಿದರೆ ಸರಿಹೋಗುತ್ತದೆ ಅಂದುಕೊಂಡು 8:30ಕ್ಕೇ ಹಾಸಿಗೆಗೆ ಕಳಿಸಿದೆ. ಅದು ನನ್ನ ತಪ್ಪು. ಎರಡು ತಾಸು ಕತ್ತಲಲ್ಲಿ ಹೊರಳಾಡಿ ಇನ್ನಷ್ಟು ಹೆದರಿದಳು. ಆಮೇಲೆ ಉಲ್ಟಾ ಮಾಡಿದೆ. ನಿಜವಾಗಿ ನಿದ್ದೆ ಬರುತ್ತಿದ್ದ 10:30ಕ್ಕೇ ಮಲಗಿಸಿದೆ. ಮಲಗಿದ ಕೂಡಲೇ ನಿದ್ದೆ ಹತ್ತತೊಡಗಿದ ಮೇಲೆ, ಮೂರು-ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮುಂಚೆ. ಏಳುವ ಹೊತ್ತು ಮಾತ್ರ ರವಿವಾರವೂ ಅದೇ. 9 ಗಂಟೆಗೆ ಬರಲು ಒಂದು ತಿಂಗಳು ಹಿಡಿಯಿತು.

ಹೆದರಿಕೆಯ ಮಾತನ್ನು ಹಾಸಿಗೆಯಿಂದ ಅಡುಗೆಮನೆಗೆ ತಂದೆ. ಸಂಜೆ ಚಪಾತಿ ಹಿಟ್ಟು ನಾದುವಾಗ ಅವಳಿಗೂ ಒಂದು ಚೂರು ಕೊಟ್ಟು, "ಇವತ್ತ ಏನೇನು ಅಂಜಿಕಿ ಅದಾವು?" ಅಂತ ಕೇಳುತ್ತಿದ್ದೆ. ಒಂದೊಂದು ಅಂಜಿಕೆಗೆ ಒಂದೊಂದು ಸಣ್ಣ ಉಂಡೆ. ಟೀಚರ್ ಬೈದರೆ, ಒಂದು. ಅಜ್ಜಿ ಸತ್ತುಹೋದರೆ, ಇನ್ನೊಂದು. ಅದನ್ನು ಮಾಡುವಾಗ ಅವಳ ಬೆರಳು ನಿಂತುಹೋಗಿತ್ತು. ಸುಮ್ನೆ ಏನೂ ಆಗೂದಿಲ್ಲ ಬಿಡು ಅನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡೆ. ರಾತ್ರಿ ಅದೇ ಪ್ರಶ್ನೆ ಬಂದರೆ, "ನಾಳೆ ಹಿಟ್ಟು ನಾದುವಾಗ ಮಾತಾಡೋಣು" ಅಷ್ಟೇ. ಬಾಗಿಲ ಚಿಲಕವನ್ನೂ ಅವಳ ಕೈಯಿಂದಲೇ ಹಾಕಿಸಿದೆ, ದಿನಕ್ಕೆ ಒಂದೇ ಸಲ.

ಮಲಗದಿದ್ದರೆ ಗುಮ್ಮ ಬರುತ್ತಾನೆ ಅನ್ನುವ ರೂಢಿ ನಮ್ಮ ಮನೆಯಲ್ಲೂ ಇತ್ತು. "ಅತ್ತೀ, ಗುಮ್ಮನ ಮಾತು ಬ್ಯಾಡ್ರಿ" ಅಂದೆ. ಅವರು ಒಪ್ಪಿದರು, ಜೊತೆಗೆ ತಮ್ಮ ಹಳೆ ಸೀರೆಗಳ ಕೌದಿಯನ್ನೂ ತೆಗೆದುಕೊಟ್ಟರು. ಕತ್ತಲಲ್ಲಿ ಮಗಳು ಅದರ ಹೊಲಿಗೆಯ ಮೇಲೆ ಬೆರಳು ಓಡಿಸುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಮಾತು. "ಎರಡು ನಿಮಿಷಕ್ಕ ಬರ್ತೀನಿ" ಅಂದು ಹೊರಗೆ ಬರುತ್ತಿದ್ದೆ, ಅವಳು ಕರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಕರೆದ ಮೇಲೆ ಹೋದರೆ, ಕರೆದಿದ್ದಕ್ಕೇ ಅವ್ವ ಬಂದಳು ಅಂತ ಆಗುತ್ತದೆ ಅಲ್ವಾ? ಎರಡು ನಿಮಿಷ ಐದಾಯಿತು, ಐದು ಹತ್ತಾಯಿತು. ಒಂದು ರಾತ್ರಿ ಫೋನಿನಲ್ಲಿ ಸಿಕ್ಕಿಕೊಂಡು ಮರೆತೆ. ತಿರುಗಿ ನೋಡಿದರೆ ಕೌದಿ ಹೊದ್ದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಎರಡು ನಿಮಿಷದಿಂದ ಶುರುಮಾಡಬೇಕಾಯಿತು.

ಈಗ ಹತ್ತು ನಿಮಿಷಕ್ಕೆ ಹೋಗುವಷ್ಟರಲ್ಲಿ ಸಾಮಾನ್ಯವಾಗಿ ನಿದ್ದೆ ಹತ್ತಿರುತ್ತದೆ, ಬೆರಳು ಹೊಲಿಗೆಯ ಮೇಲೇ ಇರುತ್ತದೆ. ಆದರೂ ಹೇಳಿದ ಹೊತ್ತಿಗೆ ಹೋಗುತ್ತೇನೆ.