ಕೆರೆ ದಂಡೆಗೆ ಟ್ರೇಲರ್ ಒಯ್ಯುವವರಿಗೆ

ಕಾರವಾರದಿಂದ ಹೊರಟು, ಘಟ್ಟ ಹತ್ತಿ, ಶಿರಸಿ, ಬನವಾಸಿ, ಮುಂಡಗೋಡ ಸುತ್ತಿ, ನಾಲ್ಕು ರಾತ್ರಿ ಕೆರೆ ದಂಡೆಯಲ್ಲೇ ಮಲಗಿ ಬರುವ ಆಸೆ ಇದೆಯಾ? ಹಾಗಾದರೆ ಮೊದಲು ಇದೊಂದು ತಿಳಿದಿರಲಿ: ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗುವಂಥ ಟ್ರೇಲರ್ ಕೆರೆ ದಂಡೆಗೆ ಇಳಿದಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಜಾಗವನ್ನು ಮೊದಲು ನಡೆದು ನೋಡಿ, ಗಾಡಿ ಆಮೇಲೆ.

ನಾನು ಇದನ್ನು ಕಲಿತದ್ದು ಮುಂಡಗೋಡ ಕಡೆಯ ಒಂದು ಕೆರೆಯಲ್ಲಿ. ಫೆಬ್ರವರಿ ತಿಂಗಳು. ನೀರು ಹಿಂದೆ ಸರಿದಿತ್ತು, ಕೆರೆಯಂಗಳ ಒಣಗಿ ಬಿರುಕು ಬಿಟ್ಟಿತ್ತು, ಗಟ್ಟಿ ಇದೆ ಅಂದುಕೊಂಡು ಸೀದಾ ಇಳಿಸಿಬಿಟ್ಟೆ. ಮೇಲಿನ ನಾಲ್ಕು ಇಂಚು ಮಾತ್ರ ಗಟ್ಟಿ, ಕೆಳಗೆಲ್ಲ ಹೂಳು. ಒಂದು ಚಕ್ರ ಆಕ್ಸಲ್‌ವರೆಗೆ ಹೂತುಹೋಯಿತು. ಊರವರು ಟ್ರ್ಯಾಕ್ಟರ್ ತಂದು ಎಳೆದು ಕೊಟ್ಟರು. ದುಡ್ಡು ಮುಟ್ಟಲಿಲ್ಲ, ಚಾ ಕುಡಿದು ಹೋದರು. ಆವತ್ತಿನಿಂದ ಗಾಡಿಯಲ್ಲಿ ಒಂದು ಕಬ್ಬಿಣದ ಸರಳು ಇಟ್ಟುಕೊಂಡಿದ್ದೇನೆ. ನೆಲಕ್ಕೆ ಒತ್ತಿದಾಗ ಅದು ಒಂದಡಿ ಸುಲಭವಾಗಿ ಇಳಿದರೆ ಆ ಜಾಗ ಬೇಡ.

ಮನೆಯಲ್ಲೇ ಭಾರದ ಲೆಕ್ಕ ಮುಗಿಸಿ. ಟ್ರೇಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15 ಭಾಗ ಕಾರಿನ ಹುಕ್ ಮೇಲೆ ಬೀಳಬೇಕು. 600 ಕಿಲೋ ಇದ್ದರೆ 60ರಿಂದ 90 ಕಿಲೋ. ಭಾರದ ಸಾಮಾನು ಕೆಳಗಿರಲಿ, ಆಕ್ಸಲ್‌ಗಿಂತ ಸ್ವಲ್ಪ ಮುಂದಿರಲಿ. ಹಿಂದೆ ಜಾಸ್ತಿ ತುಂಬಿದರೆ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಹಾಗೇನಾದರೂ ಆದರೆ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ತಾನಾಗಿಯೇ ನಿಧಾನವಾಗಲಿ. ಸುರಕ್ಷೆಯ ಎರಡು ಸರಪಳಿಗಳನ್ನು ಹುಕ್ ಕೆಳಗೆ ಒಂದರ ಮೇಲೊಂದು ಅಡ್ಡವಾಗಿ ಹಾಕಬೇಕು, ಹುಕ್ ಕಳಚಿದರೂ ಮೂತಿ ರಸ್ತೆಗೆ ಬಡಿಯುವುದಿಲ್ಲ. ನೀರಿನ ಟ್ಯಾಂಕ್ ಖಾಲಿ ಇಟ್ಟುಕೊಂಡೇ ಘಟ್ಟ ಹತ್ತಿ. 100 ಲೀಟರ್ ಅಂದರೆ 100 ಕಿಲೋ, ಅಷ್ಟನ್ನು ಸುಮ್ನೆ ಯಾಕೆ ಎಳೆಯಬೇಕು? ಯಲ್ಲಾಪುರದಲ್ಲೋ ಶಿರಸಿಯಲ್ಲೋ ತುಂಬಿಸಿಕೊಳ್ಳಿ.

ಘಟ್ಟ ಯಾವುದು ಅಂತ ಕೇಳಿದರೆ ನಾನು ಹೇಳುವುದು ಅಂಕೋಲಾದಿಂದ ಅರಬೈಲ್. ಲಾರಿಗಳು ಓಡಾಡುವ ರಸ್ತೆ, ತಿರುವಿನಲ್ಲಿ ಜಾಗ ಸಿಗುತ್ತದೆ. ಅಣಶಿ ಘಟ್ಟ ಚಂದ, ಆದರೆ ಇಕ್ಕಟ್ಟು, ಜೊತೆಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಟ್ರೇಲರ್ ಕಟ್ಟಿಕೊಂಡು ಅಲ್ಲಿ ಬೇಡ. ತಿರುವಿನಲ್ಲಿ ಟ್ರೇಲರ್ ಚಕ್ರ ಕಾರಿಗಿಂತ ಒಳಗೆ ಬರುತ್ತದೆ, ಅದಕ್ಕೇ ಅಗಲಕ್ಕೆ ತಿರುಗಿಸಿ. ಇಳಿಯುವಾಗ ಕಡಿಮೆ ಗೇರ್. ಮಳೆಗಾಲದಲ್ಲಿ ಈ ಪ್ರವಾಸವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದದ್ದು ನಮಗೆಲ್ಲ ಗೊತ್ತಲ್ವಾ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಜಾಗ ತಲುಪುವುದು ಸಂಜೆ ನಾಲ್ಕರ ಒಳಗೆ. ಗಾಡಿ ರಸ್ತೆಯಲ್ಲೇ ಬಿಟ್ಟು ಹತ್ತಿರದ ಮನೆಗೆ ನಡೆದು ಹೋಗಿ ಕೇಳಿ. ದನ ನೀರು ಕುಡಿಯುವುದು ಎಲ್ಲಿ, ಬಟ್ಟೆ ಒಗೆಯುವುದು ಎಲ್ಲಿ, ತುಂಬಿದ ನೀರು ಹೊರಗೆ ಹರಿಯುವ ಕೋಡಿ ಯಾವ ಕಡೆ, ಗದ್ದೆಗೆ ನೀರು ಬಿಡುವ ತೂಬು ತೆಗೆಯುತ್ತಾರಾ. ನಮ್ಮ ಕಡೆ ಖಾಲಿ ಕಾಣುವ ಗುಡ್ಡ ಖಾಲಿ ಇರುವುದಿಲ್ಲ, ಅದು ಯಾರದೋ ಅಡಿಕೆ ತೋಟಕ್ಕೆ ಸೊಪ್ಪು ತರುವ, ಆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಆಗಿರುತ್ತದೆ. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಅತ್ತಿವೇರಿ ಪಕ್ಷಿಧಾಮವನ್ನು ಹಗಲು ನೋಡಿ, ರಾತ್ರಿಗೆ ಬೇರೆ ಕಡೆ ಹೋಗಿ. ಬನವಾಸಿ ಹತ್ತಿರದ ಗುಡ್ನಾಪುರದ ಕೆರೆ ನನಗೆ ಬಹಳ ಇಷ್ಟ. ಕದಂಬರ ರವಿವರ್ಮನ ಕಂಬದ ಶಾಸನ ಸಿಕ್ಕಿದ ಊರು ಅದು. ಬೆಳಿಗ್ಗೆ ಮಂಜು ಏಳುವಾಗ ಆ ನೀರಿನ ಮುಂದೆ ಕೂತರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಏರಿಯ ಮೇಲೆ ಮಾತ್ರ ಯಾವ ಕೆರೆಯಲ್ಲೂ ನಿಲ್ಲಿಸಬೇಡಿ. ಕಾಳಿ ನದಿಯ ಅಣೆಕಟ್ಟುಗಳ ಕೆಳಗೂ ಬೇಡ, ಕರೆಂಟಿಗೆ ನೀರು ಬಿಟ್ಟರೆ ನೋಡುತ್ತಿದ್ದಂತೆ ಏರುತ್ತದೆ.

ನಿಲ್ಲಿಸುವ ಕ್ರಮ ಹೀಗೆ. ಕಾರಿಗೆ ಕಟ್ಟಿರುವಾಗಲೇ ಎಡ ಬಲ ಮಟ್ಟ ಮಾಡಿ, ತಗ್ಗಿನ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿದರೆ ಆಯಿತು. ಆಮೇಲೆ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಆಮೇಲೆಯೇ ಹುಕ್ ಬಿಚ್ಚಿ, ಮುಂದಿನ ಜಾಕಿಯಿಂದ ಹಿಂದು ಮುಂದಿನ ಮಟ್ಟ. ಕಲ್ಲು ಕೊಡದೆ ಹುಕ್ ಬಿಚ್ಚಿದರೆ ಟ್ರೇಲರ್ ನೇರ ಕೆರೆಗೆ.

ಮುಸುರೆ ನೀರು ಬಕೆಟ್‌ನಲ್ಲಿ ಹಿಡಿದು ಕೆರೆಯಿಂದ 60 ಮೀಟರ್ ದೂರ ಚೆಲ್ಲಿ. ಶೌಚಕ್ಕೂ ಅಷ್ಟೇ ದೂರ, ಗುಂಡಿ ತೋಡಿ ಮುಚ್ಚಿ. ಸೋಪು ಕೆರೆಗೆ ಇಳಿಯಲೇಬಾರದು, ಅದೇ ನೀರನ್ನು ದನ ಕುಡಿಯುತ್ತದೆ. ಬೆಂಕಿ ಹಾಕಬೇಡಿ, ಗ್ಯಾಸ್ ಒಲೆ ಸಾಕು. ಅನ್ನ ಒಂದು ಮಾಡಿದರೆ ಒಂದೆಲಗದ ತಂಬುಳಿಗೆ ಒಲೆಯೇ ಬೇಡ.

ಇನ್ನೊಂದು ವಿಷಯ, ದಯವಿಟ್ಟು ಹಗುರ ಮಾಡಬೇಡಿ. ಮಂಗನ ಕಾಯಿಲೆ ಬರುವುದೂ ಇದೇ ತಿರುಗಾಟದ ಕಾಲದಲ್ಲಿ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ಸಿದ್ದಾಪುರದ ಕಡೆ ಈಗಲೂ ಇದೆ. ಹರಡುವುದು ಉಣುಗು ಕಚ್ಚಿ. ಉದ್ದ ತೋಳು, ಉದ್ದ ಪ್ಯಾಂಟು ಹಾಕಿ, ತರಗೆಲೆ ಮೇಲೆ ಕೂರಬೇಡಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ, ಸಂಜೆ ಮೈಯೆಲ್ಲ ನೋಡಿಕೊಂಡು ಬಿಸಿ ನೀರಿನಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಜಾಗ ಬಿಟ್ಟು ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ ಬಂದ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹೊರಡುವ ದಿನ ಲೈಟ್, ಸರಪಳಿ, ಗಾಳಿ ನೋಡಿ. ಡಾಂಬರು ರಸ್ತೆಗೆ ಬಂದು ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಟ್ರೇಲರ್‌ನ ಒಂದೊಂದು ಚಕ್ರದ ನಟ್ಟನಡುವೆ ಇರುವ ಹಬ್ ಮುಟ್ಟಿ ನೋಡಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಅಂದರೆ ಬೇರಿಂಗ್ ಹೋಗುತ್ತಿದೆ. ಘಟ್ಟ ಇಳಿಯುವ ಮೊದಲೇ, ಶಿರಸಿಯಲ್ಲೇ ಗ್ಯಾರೇಜಿಗೆ ತೋರಿಸಿ.