ಹೈ ಫ್ಲೋ ಆಕ್ಸಿಜನ್ ಹಾಕೋದು ಹೇಗೆ, ಹಾಕಿದ್ಮೇಲೆ ಏನು ನೋಡ್ತಿರ್ಬೇಕು

ಐಸಿಯುಗೆ ಹೊಸದಾಗಿ ಬಂದಿರೋ ನರ್ಸ್‌ಗಳಿಗೆ, ಡ್ಯೂಟಿ ಡಾಕ್ಟರ್‌ಗಳಿಗೆ ಅಂತ ಬರೀತಿದ್ದೀನಿ.

ನ್ಯುಮೋನಿಯಾ ಆಗಿ ಏದುಸಿರು ಬಿಡ್ತಿರೋರು ನಿಮಿಷಕ್ಕೆ 30 ಲೀಟರ್‌ಗಿಂತ ಎಷ್ಟೋ ಜಾಸ್ತಿ ವೇಗದಲ್ಲಿ ಗಾಳಿ ಎಳ್ಕೋತಾರೆ, ಮಾಮೂಲಿ ಮಾಸ್ಕಲ್ಲಿ ಬರೋದು 10-15 ಲೀಟರ್ ಅಷ್ಟೇ, ಮಿಕ್ಕಿದ್ದಕ್ಕೆ ರೂಮಿನ ಗಾಳಿ ಸೇರ್ಕೊಂಡು ಆಕ್ಸಿಜನ್ ಕಮ್ಮಿಯಾಗ್ಬಿಡತ್ತೆ. ಹೈ ಫ್ಲೋ, ಅಂದ್ರೆ ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಬೆರೆತ ಗಾಳಿನ ಜೋರಾಗಿ ಬಿಡೋ ಮೆಷಿನ್, 60 ಲೀಟರ್ ತನಕ ಕೊಡತ್ತೆ, ಅದೂ ಬಿಸಿ ಮಾಡಿ ತೇವ ಸೇರಿಸಿ, ಹಾಗಾಗಿ ಮೂಗು ಒಣಗಲ್ಲ, ಕಫ ಗಟ್ಟಿಯಾಗಲ್ಲ. ಮೂಗು ಗಂಟಲಲ್ಲಿ ನಿಂತಿರೋ ಕಾರ್ಬನ್ ಡೈಆಕ್ಸೈಡನ್ನೂ ಹೊರಗೆ ತಳ್ಳತ್ತೆ.

ಮೊದಲು ಚೇಂಬರ್‌ಗೆ ಸ್ಟೆರೈಲ್ ವಾಟರ್ ಹಾಕಿ ಮೆಷಿನ್ ಬಿಸಿಯಾಗೋಕೆ ಬಿಡಿ. ಮೂಗಿನ ಹೊಳ್ಳೆಯ ಅರ್ಧದಷ್ಟು ಮಾತ್ರ ತುಂಬೋ ಸೈಜಿನ ಕ್ಯಾನುಲಾ (ಮೂಗಿಗೆ ಹಾಕೋ ನಳಿಕೆ) ತಗೊಳ್ಳಿ, ಪೂರ್ತಿ ಬಿಗಿಯಾದ್ರೆ ಉಸಿರು ಹೊರಗೆ ಹೋಗೋಕೆ ಜಾಗ ಇರಲ್ಲ. ಗಾಳಿಯ ಟೆಂಪರೇಚರ್ 37 ಡಿಗ್ರಿ ಇಡಿ, ಸೆಖೆ ಅಂದ್ರೆ 34. ಫ್ಲೋ 30-40ರಿಂದ ಶುರು ಮಾಡಿ ಮೆಲ್ಲಗೆ ಏರಿಸಿ, ಒಂದೇ ಸಲ 60 ಇಟ್ರೆ ಗಾಬರಿಯಾಗಿ ಕಿತ್ತು ಹಾಕ್ತಾರೆ, ಪಕ್ಕದಲ್ಲಿ ನಿಂತು ಬಾಯಿ ಮುಚ್ಕೊಂಡು ಉಸಿರಾಡಿ ಅಂತ ಧೈರ್ಯ ಹೇಳಿ. ಸ್ಯಾಚುರೇಶನ್ (ರಕ್ತದಲ್ಲಿರೋ ಆಕ್ಸಿಜನ್ ಮಟ್ಟ) 92ರಿಂದ 96 ಪರ್ಸೆಂಟ್ ಇರೋ ಹಾಗೆ ಆಕ್ಸಿಜನ್ ಪರ್ಸೆಂಟೇಜ್ ಹೊಂದಿಸಿ, ಸಿಒಪಿಡಿ (ಬಹುಕಾಲದ ಶ್ವಾಸಕೋಶದ ಕಾಯಿಲೆ) ಇರೋರಿಗೆ 88-92 ಸಾಕು.

ಇನ್ನೊಂದು, 60 ಲೀಟರ್ 100 ಪರ್ಸೆಂಟಲ್ಲಿ ಗಂಟೆಗೆ 3600 ಲೀಟರ್ ಖರ್ಚಾಗತ್ತೆ, 7000 ಲೀಟರಿನ ಜಂಬೋ ಸಿಲಿಂಡರ್ ಎರಡು ಗಂಟೆನೂ ಬರಲ್ಲ, ಪೇಷಂಟ್‌ನ ಬೇರೆ ಕಡೆ ಶಿಫ್ಟ್ ಮಾಡೋ ಮುಂಚೆ ಈ ಲೆಕ್ಕ ಹಾಕ್ಲೇಬೇಕು.

ಈಗ ಮುಖ್ಯವಾದ್ದು. ಸ್ಯಾಚುರೇಶನ್ ಚೆನ್ನಾಗಿದೆ ಅಂತ ಸುಮ್ನೆ ಕೂರ್ಬೇಡಿ, ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಇದಕ್ಕೇ ರಾಕ್ಸ್ ಇಂಡೆಕ್ಸ್ ಇರೋದು: ಸ್ಯಾಚುರೇಶನ್ನನ್ನ ಕೊಡ್ತಿರೋ ಆಕ್ಸಿಜನ್ ಪ್ರಮಾಣದಿಂದ (60 ಪರ್ಸೆಂಟ್ ಅಂದ್ರೆ 0.6) ಭಾಗಿಸಿ, ಬಂದಿದ್ದನ್ನ ಉಸಿರಿನ ಸಂಖ್ಯೆಯಿಂದ ಭಾಗಿಸೋದು. 60 ಪರ್ಸೆಂಟ್ ಆಕ್ಸಿಜನ್ನಲ್ಲಿ ಸ್ಯಾಚುರೇಶನ್ 92 ಇರೋ ಇಬ್ಬರಲ್ಲಿ, ನಿಮಿಷಕ್ಕೆ 24 ಸಲ ಉಸಿರಾಡೋರಿಗೆ ಸುಮಾರು 6.4 ಬರತ್ತೆ, 38 ಸಲ ಉಸಿರಾಡೋರಿಗೆ ಬರೀ 4. ಮಾನಿಟರಲ್ಲಿ ಇಬ್ಬರೂ ಒಂದೇ ಥರ ಕಾಣ್ತಾರೆ! 2, 6, 12 ಗಂಟೆಗೆ ಇದನ್ನ ಬರೆದಿಡಿ. 4.88 ಅಥವಾ ಮೇಲಿದ್ರೆ ಟ್ಯೂಬ್ (ವೆಂಟಿಲೇಟರ್‌ಗೆ ಅಂತ ಶ್ವಾಸನಾಳಕ್ಕೆ ಹಾಕೋ ಕೊಳವೆ) ಬೇಕಾಗೋ ಸಾಧ್ಯತೆ ಕಮ್ಮಿ. ಕೆಳಗಿದ್ದು ಇಳೀತಾನೇ ಇದ್ರೆ, ಅಥವಾ ಮಂಪರು ಬಂದ್ರೆ, ಕತ್ತಿನ ಸ್ನಾಯು ಎಳೀತಿದ್ರೆ, ಬಿಪಿ ಬಿದ್ರೆ ತಕ್ಷಣ ಸೀನಿಯರ್‌ನ ಕರೀರಿ, ರಾತ್ರಿ ಮೂರು ಗಂಟೆ ಆದ್ರೂ ಸರಿ. ತಡವಾಗಿ ಟ್ಯೂಬ್ ಹಾಕಿಸ್ಕೊಂಡೋರು ಉಳಿಯೋದು ಕಷ್ಟ ಆಗತ್ತೆ.

ಸುಧಾರಿಸ್ತಿದ್ರೆ ಮೊದಲು ಆಕ್ಸಿಜನ್ ಪರ್ಸೆಂಟೇಜ್ 40ಕ್ಕೆ ಇಳಿಸಿ, ಆಮೇಲೆ ಫ್ಲೋನ 5-10 ಲೀಟರ್ ಹಾಗೆ ಕಮ್ಮಿ ಮಾಡ್ತಾ ಬನ್ನಿ.